ಓಕ್ ಮರದ ಬುಡದ ಚೌಕ: ಹದಿನೇಳು ವರ್ಷದ ಜೀರುಂಡೆಗಳ ದಾಖಲೆ

ಷಿಕಾಗೋದ ಪಶ್ಚಿಮದ ಉಪನಗರವೊಂದರಲ್ಲಿರುವ ನಮ್ಮ ಹಿತ್ತಲಿನ ಹಳೆಯ ಓಕ್ ಮರದ ಬುಡದಲ್ಲಿ ಎರಡಡಿ ಉದ್ದಗಲದ ಚೌಕವೊಂದಕ್ಕೆ ದಾರ ಕಟ್ಟಿ, 2024ರ ಏಪ್ರಿಲ್‌ನಿಂದ ದಿನವೂ ಸಂಜೆ ಮಣ್ಣಿನ ಉಷ್ಣತೆಯನ್ನು ಬರೆದಿಡುತ್ತ ಬಂದಿದ್ದೇನೆ. 2007ರ ಬೇಸಿಗೆಯಲ್ಲಿ ಇಲ್ಲಿ ಮೊಟ್ಟೆಯೊಡೆದು ಮಣ್ಣಿಗಿಳಿದ, 13ನೇ ಬ್ರೂಡ್ (ಹದಿನೇಳು ವರ್ಷಕ್ಕೊಮ್ಮೆ ಒಟ್ಟಿಗೆ ಮೇಲೇಳುವ ಒಂದು ತಂಡ) ಎನಿಸಿಕೊಂಡ ಜೀರುಂಡೆಗಳು ಈ ವಸಂತದಲ್ಲಿ ಮೇಲೆ ಬರಬೇಕಾಗಿತ್ತು. ಮಲೆನಾಡಿನಲ್ಲಿ ಬೆಳೆದ ನನಗೆ ಜೀರುಂಡೆಯ ದನಿ ಹೊಸದಲ್ಲ. ಆದರೆ ಅಲ್ಲಿ ಅದು ವರ್ಷವರ್ಷವೂ ಕೇಳುವ ದನಿ.

ಮೇ 18. ಇಪ್ಪತ್ತು ಸೆಂಟಿಮೀಟರ್ ಆಳದಲ್ಲಿ ಮಣ್ಣು 18 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇವು ಹೊರಡುತ್ತವೆ ಎಂದು ಓದಿದ್ದೆ, ಹಾಗೆಯೇ ಆಯಿತು. ಚೌಕದೊಳಗೆ ಬೆರಳು ತೂರುವಷ್ಟು ಅಗಲದ 61 ತೂತುಗಳನ್ನು ಎಣಿಸಿದೆ. ಹೊತ್ತು ಮುಳುಗಿದ ಮೇಲೆ ಕಂದು ಬಣ್ಣದ ಮರಿಗಳು ಸಾಲುಸಾಲಾಗಿ ಕಾಂಡ ಹತ್ತತೊಡಗಿದವು. ಒಂದರ ಪಕ್ಕದಲ್ಲಿ ಟಾರ್ಚ್ ಹಿಡಿದು ಕುಳಿತೆ: ಬೆನ್ನು ಉದ್ದಕ್ಕೆ ಸೀಳಿ, ಹಾಲಿನಷ್ಟು ಬೆಳ್ಳಗಿನ ಮೈ, ಕೆಂಪು ಕಣ್ಣು, ತಲೆಯ ಹಿಂದೆ ಎರಡು ಕಪ್ಪು ಮಚ್ಚೆ ಹೊರಬಂದವು, ಮುದುಡಿದ್ದ ರೆಕ್ಕೆ ನಿಧಾನವಾಗಿ ಬಿಚ್ಚಿಕೊಂಡಿತು. ಬೆಳಗಾಗುವಷ್ಟರಲ್ಲಿ ಮೈ ಕಪ್ಪಾಗಿ ಗಟ್ಟಿಯಾಗಿತ್ತು, ಕಳಚಿದ ಪೊರೆ ತೊಗಟೆಗೆ ಅಂಟಿಕೊಂಡೇ ಇತ್ತು.

ರಸ್ತೆಯಾಚೆಯ ಹೊಸ ಬಡಾವಣೆಯಲ್ಲಿ ಒಂದೂ ಏಳಲಿಲ್ಲ. 2007ರ ನಂತರ ಅಲ್ಲಿ ಮರ ಕಡಿದು ಮಣ್ಣನ್ನು ಅಗೆದು ಹಾಕಿದ್ದರು. ಇವು ದೂರ ಹಾರುವ ಕೀಟಗಳಲ್ಲವಾದ್ದರಿಂದ ಕಳೆದುಹೋದ ನೆಲೆ ಸುಲಭವಾಗಿ ಮರಳಿ ತುಂಬುವುದಿಲ್ಲ. ಆ ಖಾಲಿ ಹುಲ್ಲುಹಾಸನ್ನು ನೋಡಿ ಬಹಳ ಸಂಕಟವಾಯಿತು.

ಜೂನ್ 9. ಕೂಗುವುದು ಗಂಡು ಮಾತ್ರ. ಹೆಣ್ಣು ರೆಕ್ಕೆಯನ್ನು ಚಟ್ಟನೆ ಬಡಿದು ಉತ್ತರ ಕೊಡುತ್ತದೆ. ಗಂಡಿನ ಕೂಗು ಇಳಿದು ನಿಂತ ಕ್ಷಣಾರ್ಧದಲ್ಲಿ ನಾನು ಚಿಟಿಕೆ ಹೊಡೆದೆ. ಮೂರನೆಯ ಸಲಕ್ಕೆ ಅದು ಕೊಂಬೆಯ ಮೇಲೆ ನಡೆದು ನನ್ನ ಬೆರಳಿನ ಬಳಿಗೇ ಬಂದಿತು.

ಇಂಥ ಜೀರುಂಡೆಗಳಲ್ಲಿ ಕೆಲವು 13 ವರ್ಷಕ್ಕೊಮ್ಮೆ, ಕೆಲವು 17 ವರ್ಷಕ್ಕೊಮ್ಮೆ ಏಳುತ್ತವೆ. ಎರಡೂ ಅವಿಭಾಜ್ಯ ಸಂಖ್ಯೆಗಳೇ ಏಕೆ ಎಂದು ಹಲವರು ಕೇಳುತ್ತಾರೆ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ: ಕತ್ತಲಲ್ಲಿ ಇವು ವರ್ಷಗಳನ್ನು ಎಣಿಸುವುದು ಹೇಗೆ? ಕ್ಯಾಲಿಫೋರ್ನಿಯಾದ ಸಂಶೋಧಕರು ಹದಿನೈದು ವರ್ಷದ ಮರಿಗಳನ್ನು ಪೀಚ್ ಗಿಡಗಳ ಬೇರಿಗೆ ಬಿಟ್ಟು, ಆ ಗಿಡಗಳು ಒಂದೇ ವರ್ಷದಲ್ಲಿ ಎರಡು ಬಾರಿ ಚಿಗುರುವಂತೆ ಮಾಡಿದಾಗ ಜೀರುಂಡೆಗಳು ಒಂದು ವರ್ಷ ಮೊದಲೇ ಹೊರಬಂದವು. 2000ದಲ್ಲಿ ಪ್ರಕಟವಾದ ಈ ಪ್ರಯೋಗದ ಪ್ರಕಾರ ಅವು ಎಣಿಸುವುದು ಮರದ ಋತುಚಕ್ರಗಳನ್ನು. ಆದರೂ ಎಣಿಕೆ ತಪ್ಪುವುದುಂಟು. ಇದೇ ಬ್ರೂಡ್‌ನ ಸಾಕಷ್ಟು ಜೀರುಂಡೆಗಳು 2020ರಲ್ಲಿ, ನಾಲ್ಕು ವರ್ಷ ಮುಂಚಿತವಾಗಿ, ಷಿಕಾಗೋದ ಉಪನಗರಗಳಲ್ಲಿ ಕಾಣಿಸಿಕೊಂಡಿದ್ದವು. ಹೀಗೆ ಬಿಡಿಬಿಡಿಯಾಗಿ ಬಂದವನ್ನು ಹಕ್ಕಿಗಳು ಬೇಗ ಮುಗಿಸಿಬಿಡುತ್ತವೆ. ಎಲ್ಲವೂ ಒಟ್ಟಿಗೆ ಎದ್ದಾಗ ಮಾತ್ರ ಹಕ್ಕಿ, ಅಳಿಲುಗಳ ಹೊಟ್ಟೆ ತುಂಬಿದ ಮೇಲೂ ಲಕ್ಷಾಂತರ ಉಳಿಯುತ್ತವೆ.

ಜುಲೈ 7. ಕೂಗು ನಿಂತಿದೆ. ಹೆಣ್ಣುಗಳು ಸೀಳಿ ಮೊಟ್ಟೆಯಿಟ್ಟ ಕಡ್ಡಿಗಳ ತುದಿ ಒಣಗಿ ಕೆಂಪಾಗಿ ಜೋತುಬಿದ್ದಿದೆ. ಮರ ದೊಡ್ಡದು, ಇದನ್ನು ತಡೆದುಕೊಳ್ಳುತ್ತದೆ.

ಆಗಸ್ಟ್ 4. ಅಂಥ ಕೊಂಬೆಯೊಂದರ ಕೆಳಗೆ ಹಾಸಿದ್ದ ಬಿಳಿ ಪಂಚೆಯ ಮೇಲೆ ಅಕ್ಕಿ ನುಚ್ಚಿನಷ್ಟು ಸಣ್ಣ ಮರಿಗಳು ಹರಿದಾಡುತ್ತಿದ್ದವು. ಭೂತಗನ್ನಡಿಯಲ್ಲಿ ನೋಡಿದರೆ ಅಗೆಯುವ ಮುಂಗಾಲು ಆಗಲೇ ಮೂಡಿತ್ತು. ಪಂಚೆಯನ್ನು ಚೌಕದ ಮೇಲೆಯೇ ಕೊಡವಿದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಮಣ್ಣಿನ ಬಿರುಕುಗಳಲ್ಲಿ ಇಳಿದುಹೋದವು. ದಾರ ಬಿಚ್ಚಿ, ನಾಲ್ಕು ಮೂಲೆಗಳಲ್ಲಿ ಕಲ್ಲು ಹೂತಿದ್ದೇನೆ. ಎಣಿಕೆ ತಪ್ಪಿದವುಗಳನ್ನು 2037ರ ಮೇ ತಿಂಗಳಲ್ಲಿ ಹುಡುಕಬೇಕು, ಉಳಿದವು 2041ಕ್ಕೆ.