ಕೆಜಿಎಫ್ ಟೀ ಅಂಗಡೀಲಿ ಬಾಯಿಲ್ಲದ ಹುಳದ ಕಥೆ

ಕೆಜಿಎಫ್‌ಗೆ ಹೋಗಿದ್ದು ಪೆದ್ದಪಲ್ಲಿ ಹತ್ರ ಇರೋ ಹಳೇ ಜ್ವಾಲಾಮುಖಿ ಕಲ್ಲು ನೋಡೋಣ ಅಂತ. ನೋಡಿದ್ವಾ? ಇಲ್ಲ. ಆಟೋದವ್ನು 'ಗೊತ್ತು ಸಾರ್, ಹತ್ತಿ' ಅಂದು ಸೀದಾ ಕೋಟಿಲಿಂಗೇಶ್ವರದ ಮುಂದೆ ಇಳಿಸ್ದ, ಹೊರಗಿನೋರು ಬರೋದೆಲ್ಲ ಅಲ್ಲಿಗೇ ಅಂತ ಅವ್ನ ಲೆಕ್ಕ, ಲಿಂಗ ಎಣಿಸೋ ತಾಳ್ಮೆ ನಂಗಂತೂ ಇಲ್ಲ. ವಾಪಸ್ ಬರೋಕೆ ಮತ್ತೆ 400 ರೂಪಾಯಿ ಕಿತ್ಕೊಂಡ. ನೀವು ಹೋಗೋದಾದ್ರೆ ಮ್ಯಾಪ್ ತೋರಿಸಿ, ಬಾಡಿಗೆ ಮೊದ್ಲೇ ಮಾತಾಡಿ ಹತ್ತಿ. ನಂಗಿನ್ನೂ ಹೊಟ್ಟೆ ಉರೀತಿದೆ.

ಕೋಲಾರದ ಅಕ್ಕನ ಮನೇಲಿ ಎರಡು ದಿನ ತಿಂದಿದ್ದು ಮಲಗಿದ್ದು ಅಷ್ಟೇ, ಬಿಡಿ. ಜೊತೆಗೆ ಬಂದಿದ್ದು ಅಕ್ಕನ ಮಗಳು, ಬಯೋಟೆಕ್ ಎಂಎಸ್ಸಿ. ಚಾಂಪಿಯನ್ ರೀಫ್ ಕಡೆ ಒಂದು ಟೀ ಅಂಗಡೀಲಿ ಕೂತ್ವಿ, ಎದುರಿಗೆ ಸಯನೈಡ್ ಗುಡ್ಡ, ಅಂದ್ರೆ ಸಯನೈಡ್ ಹಾಕಿ ಚಿನ್ನ ತೆಗೆದ್ಮೇಲೆ ಉಳಿದ ಮಣ್ಣಿನ ರಾಶಿ. ಪಕ್ಕದ ಬೆಂಚಲ್ಲಿ ಒಬ್ರು ತಾತ, ಗಣಿ ಕೆಲಸ ಮಾಡಿದೋರು, 2001ರಲ್ಲಿ ಗಣಿ ಮುಚ್ಚಿದ್ಮೇಲೆ ಮನೇಲಿದಾರೆ. "ಹತ್ತು ಸಾವಿರ ಅಡಿ ಕೆಳಗೆ ಇಳ್ದಿದೀನಿ ಸಾರ್, ಕಲ್ಲು ಮುಟ್ಟಿದ್ರೆ ಕೈ ಸುಡೋದು, ಅಲ್ಲಿ ಒಂದು ಹುಳಾನೂ ಬದುಕಲ್ಲ" ಅಂದ್ರು.

ಅಷ್ಟೇ ಸಾಕಾಯ್ತು ಇವ್ಳಿಗೆ. "ಬದುಕುತ್ತೆ ತಾತ, ಸಮುದ್ರದ ಕೆಳಗೆ!" ಅಂತ ಶುರು ಮಾಡಿದ್ಲು. 1977ರಲ್ಲಿ ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಗಳ ಹತ್ರ ಆಲ್ವಿನ್ ಅನ್ನೋ ಪುಟ್ಟ ಜಲಾಂತರ್ಗಾಮೀಲಿ ಸುಮಾರು 2500 ಮೀಟರ್ ಕೆಳಗೆ ಹೋದವ್ರಿಗೆ ತಳದ ಬಿರುಕಿಂದ ಬಿಸಿನೀರು ಉಕ್ಕೋ ಕಡೆ, ಬಿಳೀ ಕೊಳವೆಯೊಳಗಿಂದ ಕೆಂಪು ಗರಿ ಹೊರಗೆ ಚಾಚ್ಕೊಂಡು ಆಳುದ್ದದ ಹುಳಗಳು ಸಿಕ್ವಂತೆ, ರಿಫ್ಟಿಯಾ ಅಂತ ಹೆಸರು. ಬಿಸಿಲೇ ಇಲ್ಲ. ಬೆಳೆದ ಹುಳಕ್ಕೆ ಬಾಯೂ ಇಲ್ಲ, ಕರುಳೂ ಇಲ್ಲ.

"ಬಾಯಿಲ್ದೆ ಏನ್ ತಿನ್ನುತ್ತಮ್ಮಾ?" ತಾತ ಟೀ ಲೋಟ ಕೆಳಗಿಟ್ರು.

ಹೊಟ್ಟೆ ಇರ್ಬೇಕಾದ ಜಾಗದಲ್ಲಿ ಬ್ಯಾಕ್ಟೀರಿಯಾ ತುಂಬ್ಕೊಂಡಿರುತ್ತಂತೆ. ಇದನ್ನ ಮೊದ್ಲು ಊಹಿಸಿದ್ದು ಕೊಲೀನ್ ಕ್ಯಾವನಾ, ಆಗ ಅವ್ರು ಇನ್ನೂ ಸ್ಟೂಡೆಂಟು. ಹುಳದೊಳಗೆ ಗಂಧಕದ ಹರಳು ಇದೆ ಅಂತ ಲೆಕ್ಚರಲ್ಲಿ ಕೇಳಿ ಎದ್ದು ನಿಂತು, ಹಂಗಾದ್ರೆ ಒಳಗೆ ಬ್ಯಾಕ್ಟೀರಿಯಾ ಇರ್ಬೇಕು ಅಂದ್ರಂತೆ (ಇಲ್ಲಿ ಇವ್ಳ ದನಿ ಜಾಸ್ತಿ ಆಯ್ತು, ಕಾರಣ ಗೊತ್ತಲ್ಲ). ಹುಳ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗ್ಯಾಸ್ ಹೀರಿ ಒಳಗೆ ಕಳಿಸುತ್ತೆ, ಬ್ಯಾಕ್ಟೀರಿಯಾ ಅದನ್ನ ಉರಿಸಿ ಬರೋ ಶಕ್ತೀಲಿ ಅಡುಗೆ ಮಾಡಿ ಹಾಕುತ್ತೆ. ಆಮೇಲೆ ಗುಡ್ಡ ತೋರಿಸಿ, "ಮಾಮ, ಸಯನೈಡ್ ನಮ್ಮ ಉಸಿರಾಟದ ಯಾವ ಕಿಣ್ವಾನ ಕಟ್ಟಿಹಾಕುತ್ತೋ ಆ ಗ್ಯಾಸೂ ಅದನ್ನೇ ಕಟ್ಟಿಹಾಕೋದು" ಅಂದ್ಲು. ಹುಳ ಯಾಕೆ ಸಾಯಲ್ಲ ಅಂದ್ರೆ ಅದ್ರ ಹಿಮೋಗ್ಲೋಬಿನ್ ವಿಷಾನ ಒಂದ್ಕಡೆ, ಆಮ್ಲಜನಕಾನ ಇನ್ನೊಂದ್ಕಡೆ ಹಿಡ್ಕೊಂಡು ಸಾಗಿಸುತ್ತೆ. ಜೀನೋಮ್ ಓದಿ ನೋಡಿದ್ರೆ ಒಂದು ಬಗೆಯ ಹಿಮೋಗ್ಲೋಬಿನ್ ಜೀನ್‌ಗೆ ಸುಮಾರು ಕಾಪಿ ಇದಾವಂತೆ. ಮೊದ್ಲು ಇದು ಬೇರೆ ಜಾತೀನೇ ಅಂತ ಪ್ರತ್ಯೇಕ ವಂಶ ಮಾಡಿದ್ರು, ಡಿಎನ್ಎ ನೋಡಿದ್ಮೇಲೆ ಗೊತ್ತಾಯ್ತು, ನಮ್ಮ ತೋಟದ ಎರೆಹುಳದ ನೆಂಟ.

ತಾತ ಬಿಡಲಿಲ್ಲ. "ಆ ಕ್ರಿಮಿ ತಾಯಿಯಿಂದ ಮರಿಗೆ ಬರುತ್ತಾ?"

ಇಲ್ವಂತೆ! ಮೊಟ್ಟೇಲಿ ಬರಲ್ಲ, ಪ್ರತಿ ಮರೀನೂ ಸಮುದ್ರದಿಂದ ಹೊಸದಾಗಿ ಸೇರಿಸ್ಕೋಬೇಕು, ಅದೂ ಚರ್ಮದ ಮೂಲಕ. 2006ರಲ್ಲಿ ಅದು ಗೊತ್ತಾಗಿದ್ದು.

"ಹುಳ ಸತ್ರೆ ಒಳಗಿರೋವು?"

"ಹೊರಗೆ ಬಂದು ವಾಪಸ್ ಸಮುದ್ರ ಸೇರ್ಕೊಳ್ತಾವೆ ತಾತ."

ತಾತ ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡಿದ್ರು. "ನನ್ ಮಗನೂ ಅಂಗೇ, ಬೆಳಿಗ್ಗೆ ಕತ್ತಲಲ್ಲೇ ಬೆಂಗ್ಳೂರು ಟ್ರೇನು" ಅಂದ್ರು. ನಮ್ಮ ಟೀ ದುಡ್ಡೂ ಅವ್ರೇ ಕೊಟ್ರು, ಎಷ್ಟು ಹೇಳಿದ್ರೂ ಕೇಳಲಿಲ್ಲ.

ಸಂಜೆ ಬಂಗಾರಪೇಟೇಲಿ ಪಾನಿಪುರಿ ತಿಂದ್ವಿ. ಇಲ್ಲಿ ಪಾನಿ ನೋಡೋಕೆ ಬರೀ ನೀರು, ಬೆಂಗಳೂರಿನ ಹಸಿರು ನೀರು ಇದ್ರ ಮುಂದೆ ಲೆಕ್ಕಕ್ಕಿಲ್ಲ, ಖಾರ ಮಾತ್ರ ನೆತ್ತಿಗೇರುತ್ತೆ. ಕಣ್ಣೊರೆಸ್ಕೊಂಡು ಸ್ಟೇಷನ್‌ಗೆ ಬಂದ್ರೆ ಬೆಂಗಳೂರಿಂದ ಬಂದ ಟ್ರೇನು, ಬಾಗಿಲಲ್ಲೂ ಜನ ನೇತಾಡ್ತಿದ್ರು. ಇವ್ಳು ಆ ಗುಂಪಲ್ಲಿ ತಾತನ ಮಗ ಯಾರಿರ್ಬೋದು ಅಂತ ಹುಡುಕ್ತಾ ನಿಂತ್ಲು.