ಪುಸ್ತಕದಲ್ಲಿ ಇಲ್ಲದ ಸಾಲು

ಹೋದ ಮೇ ತಿಂಗಳ ಒಂದು ಭಾನುವಾರ ನಮ್ಮ ಕುಟುಂಬದ ಮನೆಯಲ್ಲಿ ಸಭೆ ಇತ್ತು. ಕಟಪಾಡಿ ಪೇಟೆಯಿಂದ ಒಳಗೆ ಹೋದರೆ ಸಿಗುವ ಹಳೆ ಹೆಂಚಿನ ಮನೆ. ಮಾಡಿನ ಪಕ್ಕಾಸಿಗೆ ಗೆದ್ದಲು ಹಿಡಿದು, ಚಾವಡಿಯನ್ನೂ ನಮ್ಮ ದೈವ ಪಂಜುರ್ಲಿಯ ಗುಡಿಯನ್ನೂ ಒಟ್ಟಿಗೇ ಬಿಚ್ಚಿ ಕಟ್ಟಬೇಕಾದ ಸ್ಥಿತಿ. ಪ್ರಶ್ನೆ ಇಟ್ಟು ನೋಡಿ ಆಗಿತ್ತು, ಆಚಾರಿಯ ಲೆಕ್ಕವೂ ಬಂದಿತ್ತು. ಕುಟುಂಬದ ಯಜಮಾನಿಕೆ ನೋಡುವ ಗುರಿಕಾರ ಮಾವ ಕನ್ನಡಕ ಸರಿ ಮಾಡಿಕೊಂಡು ಹೇಳಿದರು: "ಕುಟುಂಬದ ಕವಲಿಗೆ ಇಷ್ಟು ಅಂತ ಹಂಚಿದರೆ ಕೈಲಾಗದವರಿಗೆ ಕಷ್ಟ ಆಗ್ತದೆ. ಸಂಬಳ ಇರುವವರು ತಲೆಗೆ 75 ಸಾವಿರ ಹಾಕುವ."

75 ಸಾವಿರ ಅಂದರೆ ನಮ್ಮ ಮನೆಯ ಹೆಚ್ಚುಕಡಿಮೆ ಮೂರು ತಿಂಗಳ ಖರ್ಚು. ನನ್ನ ತಲೆಯಲ್ಲಿ ಮೊದಲು ಬಂದದ್ದು ಇದೇ.

ಒಂಬತ್ತು ವರ್ಷದಿಂದ ನಾನು ಹೀಗೇ ಲೆಕ್ಕ ಹಾಕುತ್ತ ಬಂದವನು. ಮಂಗಳೂರಿನ ಬಿಜೈಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹಂಪನಕಟ್ಟೆಯ ಆಫೀಸಿಗೆ ನಡೆದೇ ಹೋಗುತ್ತೇನೆ, ಬೈಕು ಮಾರಿ ಆಗಿದೆ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಂಗುಡೆ ಅಗ್ಗವಾದಾಗ ಬಂಗುಡೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಇರುವಾಗ ಮೀನಿನ ಬೆಲೆ ಕೇಳುವುದೇ ಇಲ್ಲ. ತಜಂಕ್ ಸೊಪ್ಪು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಒಣಮೀನು. ಮೂವರ ಸಂಸಾರಕ್ಕೆ ತಿಂಗಳಿಗೆ 26 ಸಾವಿರ ಖರ್ಚು, 32 ಸಾವಿರ ಉಳಿತಾಯ. ಪ್ರತಿ ಏಪ್ರಿಲ್ 5ರ ಒಳಗೆ ಸರ್ಕಾರದ ಉಳಿತಾಯ ಖಾತೆ ಪಿಪಿಎಫ್‌ಗೆ ಒಂದೂವರೆ ಲಕ್ಷ ಹಾಕಿಬಿಡುತ್ತೇನೆ. ತಿಂಗಳ 5ರಿಂದ ಕೊನೆಯ ದಿನದವರೆಗೆ ಇರುವ ಅತಿ ಕಡಿಮೆ ಮೊತ್ತಕ್ಕೇ ಅಲ್ಲಿ ಬಡ್ಡಿ ಸಿಗುವುದು. ಒಂದು ದಿನ ತಡವಾದರೆ ಆ ತಿಂಗಳ ಬಡ್ಡಿ ಹೋಯಿತು. ಇಂಥ ವಿಷಯ ಯಾರಾದರೂ ಕೇಳಿದರೆ ಈಗಲೂ ಗಂಟೆಗಟ್ಟಲೆ ಹೇಳಬಲ್ಲೆ.

ಗುರಿ 2028ರ ಮಾರ್ಚ್: ಕೆಲಸ ಬಿಟ್ಟು, ಕೂಡಿಟ್ಟ ಗಂಟಿನಲ್ಲೇ ಬದುಕುವುದು. ಅಷ್ಟೊತ್ತಿಗೆ ನನಗೆ 48. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಹಳೆಯ ಲೆಕ್ಕಗಳನ್ನು ನೋಡಿ, ಮೊದಲ ವರ್ಷ ಗಂಟಿನ ನೂರಕ್ಕೆ ನಾಲ್ಕರಷ್ಟು ತೆಗೆದು, ಮುಂದೆ ಬೆಲೆ ಏರಿದ ಹಾಗೆ ಏರಿಸಿಕೊಂಡು ಹೋದರೂ 30 ವರ್ಷ ಸಾಕಾಗುತ್ತದೆ ಎಂದು ತೋರಿಸಿದ್ದ. ಅಂದರೆ ವರ್ಷದ ಖರ್ಚಿನ 25 ಪಟ್ಟು. ನಾನು ಬೇಗ ಬಿಡುವವನು, ನಮ್ಮಲ್ಲಿ ಬೆಲೆ ಏರುವುದೂ ಜೋರು. ಹಾಗಾಗಿ 33 ಪಟ್ಟು ಇಟ್ಟುಕೊಂಡೆ. ವರ್ಷಕ್ಕೆ 3.12 ಲಕ್ಷ, 33ರಿಂದ ಗುಣಿಸಿದರೆ 1.03 ಕೋಟಿ. ಹಾಲು, ಕರೆಂಟು, ಮಗಳ ಫೀಸು, ಚಪ್ಪಲಿ ಹೊಲಿಸಿದ್ದು ಕೂಡ ನನ್ನ ಖರ್ಚಿನ ಪುಸ್ತಕದಲ್ಲಿ ಉಂಟು. ಕುಟುಂಬದ ಮನೆ ಇರಲಿಲ್ಲ.

ಸಭೆ ಮುಗಿದ ಮೇಲೆ ಮಾವನ ಹತ್ತಿರ ಹೋಗಿ, ಎರಡು ಕಂತು ಮಾಡಬಹುದಾ ಅಂತ ಕೇಳಿದೆ. "ನಿನಗೇನು ಮಾರಾಯ, ಒಂದು ವರ್ಷವೂ ಬಾಕಿ ಇಟ್ಟವನಲ್ಲ ನೀನು," ಅಂತ ಹೇಳಿ ಅವರು ಕೆಂಪು ರಟ್ಟಿನ ಲೆಕ್ಕದ ಪುಸ್ತಕ ನನ್ನ ಕಡೆ ತಿರುಗಿಸಿದರು. ದೈವಕ್ಕೆ ವರ್ಷಕ್ಕೊಮ್ಮೆ ನಡೆಯುವ ನೇಮದ ವಂತಿಗೆ. ನನ್ನ ಹೆಸರು, ಎದುರಿಗೆ 1,000. ಹಿಂದಿನ ಪುಟ, ಅದರ ಹಿಂದಿನ ಪುಟ, ಎಲ್ಲದರಲ್ಲೂ ನನ್ನ ಹೆಸರು ಇತ್ತು, ಎಲ್ಲದರಲ್ಲೂ ಸರಿ ಗುರುತು.

ಆ ದುಡ್ಡು ಕೊಟ್ಟವನು ನಾನಲ್ಲ. ಈ ಒಂಬತ್ತು ವರ್ಷದಲ್ಲಿ ನೇಮಕ್ಕೆ ಬಂದದ್ದೇ ಎರಡು ಸಲ. ರಜೆ ಇಲ್ಲ ಅಂತ ಫೋನಿನಲ್ಲಿ ಹೇಳುತ್ತಿದ್ದೆ. ರಜೆ ಇರುತ್ತಿತ್ತು.

ಅಮ್ಮ ಅಂಗಳದ ತುದಿಯಲ್ಲಿ ಕೂತು ವೀಳ್ಯ ಹಾಕುತ್ತಿದ್ದಳು. ಕೇಳಿದೆ. ಅವಳಿಗೆ ಅದು ದೊಡ್ಡ ಸಂಗತಿಯೇ ಆಗಿರಲಿಲ್ಲ. "ಪಿಗ್ಮಿಯಿಂದ ಕೊಟ್ಟದ್ದು. ಅದು ಯಾವಾಗಲೂ ಬೇರೆಯೇ ಅಲ್ಲವಾ?"

ಬೇರೆ ಇತ್ತು ಅಂತ ನನಗೆ ಆಗ ನೆನಪಾಯಿತು. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪಿಗ್ಮಿ ಹುಟ್ಟುಹಾಕಿತು. ನಾನು ಸಣ್ಣವನಿರುವಾಗ ಅಮ್ಮನದ್ದು ಎರಡು ಕಾರ್ಡು. ಸಂಜೆ ಏಜೆಂಟರ ಸೈಕಲ್ ಬೆಲ್ ಕೇಳಿದ ಕೂಡಲೇ, ಬೀಡಿ ಎಲೆ ಕತ್ತರಿಸುವ ಕತ್ತರಿಯನ್ನು ಗೆರಸೆಗೆ ಹಾಕಿ, ಸೆರಗಿನ ಗಂಟು ಬಿಚ್ಚುತ್ತಿದ್ದಳು. ಒಂದು ಕಾರ್ಡಿಗೆ ಎರಡು ರೂಪಾಯಿ, ಇನ್ನೊಂದಕ್ಕೆ ಎಂಟಾಣೆ. ಎಲೆಯ ಪುಡಿ ಹತ್ತಿದ ಬೆರಳಿನಿಂದ ನೋಟಿನ ಮಡಿಕೆ ಬಿಡಿಸಿ ಬಿಡಿಸಿ ಕೊಡುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಕಾರ್ಡಿನ ಅಂಚಿನಲ್ಲಿ ಹೊಗೆಸೊಪ್ಪಿನ ಕಂದು ಕಲೆ. ಎರಡು ರೂಪಾಯಿಯದ್ದು ನಮ್ಮ ಶಾಲೆಗೆ. ಎಂಟಾಣೆಯದ್ದು ದೈವಕ್ಕೆ, ನಾಗನ ತಂಬಿಲಕ್ಕೆ, ಮದುವೆಗೆ, ಬೊಜ್ಜಕ್ಕೆ ಅಂದರೆ ಉತ್ತರಕ್ರಿಯೆಗೆ. ಶಾಲೆಯ ಫೀಸಿಗೆ ಎಷ್ಟೇ ಕಡಿಮೆ ಬಿದ್ದರೂ ಆ ಎರಡನೇ ಕಾರ್ಡನ್ನು ಮುಟ್ಟಿದ್ದು ನಾನು ನೋಡಿಲ್ಲ. ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಂಡುಹೋಗುವ ದಾರಿಯಲ್ಲಿ ಹತ್ತು ಪೈಸೆಯ ಐಸ್‌ಕ್ಯಾಂಡಿಯನ್ನೂ ಕೊಡಿಸದವಳು. ಮಿತವಾಗಿ ಬದುಕುವುದನ್ನು ನಾನು ಕಲಿತದ್ದು ಅವಳಿಂದಲೇ, ಬೆಂಗೆನ್ ಬಂದದ್ದು ಬಹಳ ಆಮೇಲೆ. ಆದರೆ ಕಲಿಯುವಾಗ ಅವಳ ಒಂದು ಕಾರ್ಡನ್ನು ಮಾತ್ರ ತೆಗೆದುಕೊಂಡೆ.

ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾದಲ್ಲಿ ವಿಲೀನವಾಯಿತು. ಈಗ ಅಮ್ಮನ ಹತ್ತಿರ ಬರುವುದು ಸೊಸೈಟಿಯ ಹುಡುಗ, ಕೈಯಲ್ಲಿ ಸಣ್ಣ ಮೆಷಿನು. ಅವಳು 74ರಲ್ಲೂ ದಿನಕ್ಕೆ 300 ಬೀಡಿ ಕಟ್ಟುತ್ತಾಳೆ. ಅದರಲ್ಲಿ ನನ್ನ ವಂತಿಗೆ.

ನನಗೆ ಅಳು ಬಂತು, ಬಚ್ಚಲ ಕಡೆ ಹೋಗಿ ಮುಖ ತೊಳೆದು ಬಂದೆ. ಊಟಕ್ಕೆ ಎಲೆ ಹಾಕಿದ್ದರು. ಮಾವನ ಮಗ ಪಕ್ಕದ ಎಲೆಯ ಮೇಲೆ ಟವೆಲ್ ಇಟ್ಟು ನನಗೆ ಜಾಗ ಹಿಡಿದಿದ್ದ. ನಾನು ಬಾರದ ವರ್ಷಗಳ ಬಗ್ಗೆ ಅವನೂ ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ. ನಮ್ಮದು ಅಳಿಯಕಟ್ಟು, ನಾನು ಇಲ್ಲಿಯವನು ಆದದ್ದು ಅಮ್ಮನ ಕಡೆಯಿಂದ. ಮುಂದೆ ಕೆಲಸ ಬಿಟ್ಟು ಸಿಗುವ ಬೆಳಗ್ಗೆ, ಮಧ್ಯಾಹ್ನಗಳನ್ನು ನಾನು ಯಾರ ಜೊತೆ ಕಳೆಯಬೇಕು ಅಂತ ಇಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ.

ಸಂಜೆ ಕಟಪಾಡಿಯಲ್ಲಿ ಮಂಗಳೂರಿನ ಎಕ್ಸ್‌ಪ್ರೆಸ್ ಹತ್ತಿ, ಕಿಟಕಿ ಸೀಟು ಸಿಕ್ಕಿದ ಮೇಲೆ ನನ್ನ ಪುಸ್ತಕ ತೆಗೆದೆ. ಜೀರ್ಣೋದ್ಧಾರದ 75 ಸಾವಿರ ಒಂದೇ ಸಲದ್ದು, ಎರಡೂವರೆ ತಿಂಗಳಿಗೂ ಕಡಿಮೆಯ ಉಳಿತಾಯ. ಅದು ಸಣ್ಣದು. ಭಾರವಿರುವುದು ಪ್ರತಿ ವರ್ಷದ್ದಕ್ಕೆ. ನೇಮ, ತಂಬಿಲ, ಸಂಕ್ರಮಣ, ಈ ವರೆಗೆ ಅಮ್ಮ ಕೊಡುತ್ತಿದ್ದ ವಂತಿಗೆ, ಮದುವೆ ಮನೆಗಳಿಗೆ ಹೋಗಿ ಬರುವುದು, ಎಲ್ಲ ಸೇರಿ ವರ್ಷಕ್ಕೆ 12 ಸಾವಿರ ಅಂತ ಬರೆದೆ. ಅದಕ್ಕೂ 33 ಪಟ್ಟು: 3.96 ಲಕ್ಷ. ಆ 75 ಸಾವಿರವೂ ಸೇರಿ ಗುರಿ 2029ರ ಜೂನ್‌ಗೆ ಹೋಯಿತು.

ಪಡುಬಿದ್ರಿ ದಾಟುವಾಗ ಹೆಂಡತಿಗೆ ಫೋನ್ ಮಾಡಿದೆ. ಅವಳ ಕುಟುಂಬದ ಮನೆ ಮೂಲ್ಕಿಯ ಹತ್ತಿರ. ನಮ್ಮ ಮಗಳು ಸೇರುವುದೂ ಆ ಮನೆಗೇ. ಅಲ್ಲಿಗೆ ಹೋಗುವ ದುಡ್ಡು ಅವಳ ಹೊಲಿಗೆಯ ಸಂಪಾದನೆಯಿಂದ ಹೋಗುತ್ತಿತ್ತು, ನನ್ನ ಪುಸ್ತಕಕ್ಕೆ ಬಂದೇ ಇರಲಿಲ್ಲ.

"ವರ್ಷಕ್ಕೆ ಎಷ್ಟು ಆಗ್ತದೆ ನಿನ್ನದು?"

ಹೊಲಿಗೆ ಮೆಷಿನಿನ ಸದ್ದು ನಿಂತಿತು. "ಎಂಟು ಸಾವಿರ ಆಗ್ತದೆ. ಯಾಕೆ?"

ಅಮ್ಮನ ಸಾಲಿನ ಕೆಳಗೆ ಅದನ್ನೂ ಬರೆದೆ. 2030ರ ಫೆಬ್ರವರಿ.