ಕಂಪ್ಲೇಂಟ್ ಕೊಟ್ಟರೆ ಏನಾದ್ರೂ ಆಗುತ್ತಾ, ಮೇಡಂ?

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವಳು. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲಿ (ಹಳೆಯ ಹೆಸರು ಇಂಟರ್ನಲ್ ಕಂಪ್ಲೇಂಟ್ಸ್ ಕಮಿಟಿ, ನಮ್ಮ ಬಾಯಲ್ಲಿ ಇವತ್ತಿಗೂ ಐಸಿಸಿ) ಕೆಲವು ವರ್ಷ ಕೂತಿದ್ದೇನೆ. ಇದು ಗೊತ್ತಾದ ಕೂಡಲೇ ವಿದ್ಯಾರ್ಥಿನಿಯರಿಂದ ಹಿಡಿದು ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರವರೆಗೆ ಎಲ್ಲರೂ ಕೇಳುವುದು ಇದನ್ನೇ: "ಕಂಪ್ಲೇಂಟ್ ಕೊಟ್ರೆ ನಿಜವಾಗ್ಲೂ ಏನಾದ್ರೂ ಆಗುತ್ತಾ?"

ಆಗುತ್ತೆ. ಆದರೆ ಬರೆದು ಕೊಟ್ಟರೆ. ನಾನು ಕಂಡ ಮಟ್ಟಿಗೆ ದೂರುಗಳು ಸೋಲುವುದು ಸಮಿತಿಯ ಮುಂದೆ ಕಡಿಮೆ, ಸಮಿತಿಗೆ ಬರುವ ದಾರಿಯಲ್ಲೇ ಜಾಸ್ತಿ. ಹುಡುಗಿ ಮೊದಲು ತನಗೆ ಹತ್ತಿರದ ಮೇಡಂಗೆ ಹೇಳುತ್ತಾಳೆ. ಅವರು ವಿಭಾಗದ ಮುಖ್ಯಸ್ಥರಿಗೆ, ಅಂದರೆ ಎಚ್‌ಓಡಿಗೆ ಹೇಳುತ್ತಾರೆ. ಎಚ್‌ಓಡಿ ಅವಳನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಕೂರಿಸಿ, ಕಾಫಿ ತರಿಸಿ, "ನೋಡಮ್ಮ, ಅವರಿಗೆ ನಾವು ಬುದ್ಧಿ ಹೇಳ್ತೀವಿ. ಬರೆದು ಕೊಟ್ರೆ ನಿನ್ನ ಹೆಸರೂ ಓಡಾಡುತ್ತೆ. ಇನ್ನೊಂದು ಸೆಮಿಸ್ಟರ್ ತಾನೇ?" ಅನ್ನುತ್ತಾರೆ. ಕಾಫಿ ಆರುವಷ್ಟರಲ್ಲಿ ದೂರೂ ಆರಿರುತ್ತದೆ.

ಇದಕ್ಕೇ ಇರಬೇಕು, ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2015ರ ನಿಯಮಗಳು ಎಚ್‌ಓಡಿ, ಡೀನ್, ರಿಜಿಸ್ಟ್ರಾರ್‌ನಂಥ ಅಧಿಕಾರದ ಹುದ್ದೆಯವರನ್ನು ಸಮಿತಿಯಿಂದ ಹೊರಗೇ ಇಟ್ಟಿವೆ. ಅಧ್ಯಕ್ಷತೆ ಹಿರಿಯ ಅಧ್ಯಾಪಕಿಯದು. ಅರ್ಧದಷ್ಟಾದರೂ ಮಹಿಳೆಯರಿರಬೇಕು. ಹೊರಗಿನಿಂದ ಒಬ್ಬರು ಬರಬೇಕು. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಕೂರಬೇಕು. (ಚುನಾವಣೆ ಎಷ್ಟು ಕಾಲೇಜಿನಲ್ಲಿ ನಡೆಯುತ್ತೆ ಅಂತ ಕೇಳಬೇಡಿ.)

ಕಿರುಕುಳ ತಡೆಯುವ ಕೆಲಸ ಅಂದರೆ ಬಹಳ ಕಡೆ ವರ್ಷಕ್ಕೊಂದು ಭಾಷಣ, ಒಂದು ಬೋರ್ಡು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚೆ ಬೋರ್ಡಿಗೆ ಹೊಸ ಬಣ್ಣ. ಒಂದು ಕಾಲೇಜಿನ ಮೆಟ್ಟಿಲ ಬಳಿ ಇದ್ದ ನಂಬರಿಗೆ ನಾನೇ ಸುಮ್ನೆ ಫೋನ್ ಮಾಡಿದ್ದೆ. ಎತ್ತಿದವರು ರಿಟೈರಾಗಿ ಮೂರು ವರ್ಷವಾಗಿತ್ತು. "ಇನ್ನೂ ನನ್ನ ನಂಬರೇ ಇದೆಯಾ?" ಅಂತ ಅವರೇ ಕೇಳಿದರು.

ಹುಡುಗಿಯರ ನಿಜವಾದ ಭಯ ಇಂಟರ್ನಲ್ ಮಾರ್ಕ್ಸ್. ಕಿರುಕುಳ ಕೊಟ್ಟ ಮೇಷ್ಟ್ರೇ ಪ್ರಾಜೆಕ್ಟ್ ಗೈಡ್ ಆಗಿದ್ದರೆ ಬಾಯಿ ಬಿಡುವುದು ಹೇಗೆ? ಇದಕ್ಕೆ ದಾರಿ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ವಿಚಾರಣೆ ಮುಗಿಯುವವರೆಗೆ ಆ ವ್ಯಕ್ತಿ ಅವಳ ಪೇಪರು, ಪ್ರಾಜೆಕ್ಟು ಯಾವುದನ್ನೂ ಮೌಲ್ಯಮಾಪನ ಮಾಡದಂತೆ ಕಾಲೇಜು ತಡೆಯಬಹುದು. ಅವಳಿಗೆ 3 ತಿಂಗಳವರೆಗೆ ರಜೆ ಕೊಡಬಹುದು. ಹತ್ತಿರ ಸುಳಿಯಬೇಡ ಅಂತ ಅವನಿಗೆ ಕಟ್ಟಪ್ಪಣೆ ಮಾಡಬಹುದು. ಸಮಿತಿ ತಾನಾಗಿ ಶಿಫಾರಸು ಮಾಡಲಿ ಅಂತ ಕಾಯಬೇಡಿ, ದೂರಿನಲ್ಲೇ "ನನಗೆ ಬೇರೆ ಗೈಡ್ ಬೇಕು" ಅಂತ ಒಂದು ಸಾಲು ಸೇರಿಸಿ.

ದೂರು ಕೊಡಲು ಘಟನೆ ನಡೆದು 3 ತಿಂಗಳ ಗಡುವು. ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗಬಹುದು. ಬರೆಯಲು ಕೈ ಓಡದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

"ಸುಳ್ಳು ಕಂಪ್ಲೇಂಟ್ ಆದ್ರೆ?" ಅಂತ ಕೇಳುವವರೂ ಇದ್ದಾರೆ, ಹೆಚ್ಚಾಗಿ ಗಂಡಸರು. ಬೇಕಂತಲೇ ಸುಳ್ಳು ಹೇಳಿದ್ದು ಸಾಬೀತಾದರೆ ಕ್ರಮ ಇದೆ. ಆದರೆ ಸಾಕ್ಷಿ ಸಾಲದೆ ಹೋದ ಮಾತ್ರಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಆಗಬೇಕಿಲ್ಲ ಅಂತ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನೇ ಹೇಳುತ್ತದೆ. ಆರೋಪಿಯ ಮಾತನ್ನೂ ಸಮಾಧಾನವಾಗಿ ಕೇಳಬೇಕು, ಅದೂ ನಿಜ. ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಸಮಿತಿ ಅವಸರದಲ್ಲಿ ವಿಚಾರಣೆ ಮುಗಿಸಿತ್ತು, ಅಧ್ಯಾಪಕರ ಕೆಲಸ ಹೋಗಿತ್ತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವಜಾ ಆದೇಶ ರದ್ದುಮಾಡಿ, ಮತ್ತೆ ವಿಚಾರಿಸಿ ಅಂತ ವಾಪಸ್ ಕಳಿಸಿತು. ದೂರು ಕೊಟ್ಟವರ ಪಾಡು ಯೋಚಿಸಿ. ಅಷ್ಟು ವರ್ಷ ಕಳೆದು ಮತ್ತೆ ಅದೇ ಕತೆ ಹೇಳಬೇಕು! ಕೆಲಸ ನೆಟ್ಟಗೆ ಮಾಡದ ಸಮಿತಿಯಿಂದ ಅವರಿಗೇ ಮೊದಲ ಏಟು.

ಒಂದೇ ಕಾಂಪೌಂಡಿನಲ್ಲಿ ಪಿಯುಸಿಯೂ ಇದ್ದರೆ ಇನ್ನೊಂದು ಎಚ್ಚರ. ಹುಡುಗಿಗಾಗಲಿ ಹುಡುಗನಿಗಾಗಲಿ 18 ತುಂಬಿಲ್ಲ ಅಂದರೆ ಅದು ಪೋಕ್ಸೊ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನು. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಸಮಿತಿ ಒಳಗೊಳಗೇ ಮುಗಿಸುವ ಹಾಗಿಲ್ಲ. 18 ದಾಟಿದವರೂ ಸಮಿತಿಗೆ ದೂರು ಕೊಡುವುದರ ಜೊತೆಗೇ ಪೊಲೀಸರ ಬಳಿಯೂ ಹೋಗಬಹುದು. ಎರಡರಲ್ಲಿ ಒಂದನ್ನೇ ಆರಿಸಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಾನು ಕೇಳಿದವರಿಗೆಲ್ಲ ಆಫೀಸ್ ಕೌಂಟರಿನ ಪಾಠವನ್ನೇ ಮೊದಲು ಹೇಳುತ್ತೇನೆ. ದೂರನ್ನು ಕವರಿನಲ್ಲಿಟ್ಟು ಅಂಟಿಸಿ, ಮೇಲೆ ಸಮಿತಿಯ ಅಧ್ಯಕ್ಷರಿಗೆ ಅಂತ ಬರೆಯಿರಿ. "ಏನು ವಿಷಯ?" ಅಂತ ಗುಮಾಸ್ತರು ಕೇಳಿದರೆ "ಗೌಪ್ಯ" ಅನ್ನಿ, ಸಾಕು. ಇನ್‌ವರ್ಡ್ ನಂಬರ್, ತಾರೀಕು, ಸೀಲು ಬೀಳುವವರೆಗೆ ಅಲ್ಲಿಂದ ಕದಲಬೇಡಿ. ಒಬ್ಬ ಹುಡುಗಿ ಸೀಲು ಬಿದ್ದ ಕವರಿನ ಫೋಟೋ ನನಗೆ ಕಳಿಸಿದ್ದಳು. ಕೆಳಗೆ ಒಂದೇ ಸಾಲು: "ಮೇಡಂ, ಕಾಫಿಗೆ ಕರೀತಿದ್ದಾರೆ. ಕೊಟ್ಟಾಯ್ತು ಅಂದೆ."